ಆಗಸ್ಟಿನಲ್ಲಿ ಬೆಳವಣಿಗೆ ನಿಲ್ಲಿಸುವ ಗಿಡ: ಪ್ರೇರಿ ಬಯಲಿನಲ್ಲಿ ಪ್ಲಮ್ ಮತ್ತು ಚೆರಿಯ ಸಂಕರ ತಳಿಗಳು

ಕೆನಡಾದ ಸಸ್ಕಾಚೆವನ್ ಪ್ರಾಂತ್ಯದಲ್ಲಿ, ಸಸ್ಕಟೂನ್ ನಗರದ ಹೊರವಲಯದಲ್ಲಿರುವ ನಮ್ಮ ಜಮೀನಿನಲ್ಲಿ ನಾನು ಪ್ಲಮ್ ಮತ್ತು ಚೆರಿ ಗಿಡಗಳನ್ನು ಸಂಕರ ಮಾಡಿ ಬೆಳೆಸುತ್ತಿದ್ದೇನೆ. ಚಳಿಗಾಲದ ಕೆಲವು ರಾತ್ರಿಗಳಲ್ಲಿ ಇಲ್ಲಿ ಉಷ್ಣಾಂಶ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿಯುವುದರಿಂದ ಅಂಗಡಿಗಳಲ್ಲಿ ಕಾಣುವ ದಪ್ಪ ಜಪಾನೀ ಪ್ಲಮ್ಮಿನ ಮರವಾಗಲಿ, ಸಿಹಿ ಚೆರಿಯ ಮರವಾಗಲಿ ಬಯಲಿನಲ್ಲಿ ಬದುಕುಳಿಯುವುದಿಲ್ಲ. ಕರ್ನಾಟಕದಿಂದ ಕರೆ ಮಾಡುವ ಬಂಧುಗಳು ‘ಅಷ್ಟು ಚಳಿಯನ್ನು ನಿಮ್ಮ ಗಿಡ ಹೇಗೆ ತಡೆಯುತ್ತದೆ?’ ಎಂದೇ ಮೊದಲು ಕೇಳುತ್ತಾರೆ. ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಕಂಡುಕೊಂಡಂತೆ, ಗಿಡದ ಅಳಿವು ಉಳಿವು ಬಹುಪಾಲು ತೀರ್ಮಾನವಾಗುವುದು ಅದು ಬೇಸಿಗೆಯ ಕೊನೆಯಲ್ಲಿ ಯಾವಾಗ ಬೆಳವಣಿಗೆ ನಿಲ್ಲಿಸುತ್ತದೆ, ವಸಂತದಲ್ಲಿ ಯಾವಾಗ ಕಣ್ಣು ಬಿಡುತ್ತದೆ ಎಂಬುದರಿಂದ.

ಈ ಕೆಲಸದ ದಾರಿಯನ್ನು ಮೊದಲು ತೆರೆದವರಲ್ಲಿ ಅಮೆರಿಕದ ಸೌತ್ ಡಕೋಟ ರಾಜ್ಯದ ಬ್ರೂಕಿಂಗ್ಸ್‌ನಲ್ಲಿದ್ದ ನೀಲ್ಸ್ ಹ್ಯಾನ್ಸನ್ ಪ್ರಮುಖರು. ಬಯಲಿನ ಮರಳು ನೆಲದಲ್ಲಿ ತಾನಾಗಿ ಬೆಳೆಯುವ ಸ್ಯಾಂಡ್‌ಚೆರಿ ಪೊದೆಗೆ ಜಪಾನೀ ರಕ್ತದ ಪ್ಲಮ್‌ಗಳ ಪರಾಗವನ್ನು ಕೂಡಿಸಿ ಅವರು 1908ರಲ್ಲಿ ‘ಒಪಾಟ’, ‘ಸಾಪಾ’ ಎಂಬ ತಳಿಗಳನ್ನು ಹೊರತಂದರು. ಇಂಥವನ್ನು ಇಲ್ಲಿ ಚೆರಿ-ಪ್ಲಮ್ ಎನ್ನುತ್ತಾರೆ. ಗಿಡ್ಡ ಪೊದೆಯಾದ್ದರಿಂದ ಅವುಗಳ ಕೆಳಗಿನ ಕೊಂಬೆಗಳು ಹಿಮದಡಿಯಲ್ಲಿ ಬೆಚ್ಚಗಿರುತ್ತವೆ, ಮತ್ತು ಸ್ಯಾಂಡ್‌ಚೆರಿಯ ಗುಣದಿಂದಾಗಿ ಬಹುಬೇಗ ಕಾಯಿ ಬಿಡುತ್ತವೆ. ಆದರೆ ಪೊದೆಗಳಿಗೆ ಆಯುಷ್ಯ ಕಡಿಮೆ, ಹಣ್ಣಿಗೆ ಕಂದು ಕೊಳೆ ರೋಗ ತಗಲುವುದು ಹೆಚ್ಚು. ಹ್ಯಾನ್ಸನ್ ಅವರೇ ಮುಂದೆ ಕೆನಡಾ ಪ್ಲಮ್ ಎಂಬ ಕಾಡುಜಾತಿಯನ್ನು, ಅಂದರೆ ಪ್ರೂನಸ್ ನೈಗ್ರಾವನ್ನು, ಜಪಾನೀ ಪ್ಲಮ್‌ನೊಡನೆ ಸಂಕರ ಮಾಡಿ ‘ಪೆಂಬಿನಾ’ ತಳಿಯನ್ನು ಪಡೆದರು. ನನ್ನ ಪ್ಲಮ್ ಸಾಲುಗಳು ಹೆಚ್ಚಾಗಿ ಈ ಎರಡನೆಯ ಬಗೆಯವು.

ಚೆರಿಯ ಕಥೆ ನಮ್ಮ ಊರಿನದೇ. 1940ರ ದಶಕದಲ್ಲಿ ಲೆಸ್ ಕೆರ್ ಎಂಬ ತಳಿಗಾರರು ಸಸ್ಕಾಚೆವನ್‌ನಲ್ಲಿ ಯುರೋಪಿನ ಹುಳಿ ಚೆರಿಯನ್ನು, ಯುರೇಷ್ಯಾದ ಹುಲ್ಲುಗಾವಲುಗಳ ಕುಳ್ಳ ಚೆರಿಯಾದ ಪ್ರೂನಸ್ ಫ್ರೂಟಿಕೋಸಾದೊಡನೆ ಬೆರೆಸಲು ಆರಂಭಿಸಿದರು. ಈ ಎರಡೂ ಜಾತಿಗಳಲ್ಲಿ ವರ್ಣತಂತುಗಳ ಸಂಖ್ಯೆ 32 ಆಗಿರುವುದರಿಂದ ಅವು ತಕರಾರಿಲ್ಲದೆ ಕೂಡುತ್ತವೆ. ಆ ಸಂತತಿಯನ್ನು ಸಸ್ಕಾಚೆವನ್ ವಿಶ್ವವಿದ್ಯಾಲಯದವರು ಮುಂದುವರಿಸಿ 1999ರಲ್ಲಿ ‘ಕಾರ್ಮಿನ್ ಜ್ಯುವೆಲ್’ ಎಂಬ ಪೊದೆ ಚೆರಿಯನ್ನು ಬಿಡುಗಡೆ ಮಾಡಿದರು. ‘ರೋಮಿಯೋ’, ‘ಜೂಲಿಯೆಟ್’ ಮೊದಲಾದವು ಆಮೇಲೆ ಬಂದವು. ನನ್ನಂಥ ಹವ್ಯಾಸಿಗೆ ಇದರಿಂದಾದ ಉಪಕಾರ ದೊಡ್ಡದು, ಏಕೆಂದರೆ ನಾನು ಕಾಡುಗಿಡದಿಂದ ಆರಂಭಿಸಬೇಕಾಗಲಿಲ್ಲ.

ಹೂವಿನ ಕೆಲಸ ಮೇ ತಿಂಗಳಿನದು, ಅದೂ ಕೆಲವೇ ದಿನಗಳದು. ಕಾಡು ಪ್ಲಮ್ ಮತ್ತು ಜಪಾನೀ ರಕ್ತದ ಗಿಡ ಒಂದೇ ದಿನ ಹೂಬಿಡುತ್ತವೆಂದು ನಂಬಿ ಕೂರಲಾಗದು. ಆದ್ದರಿಂದ ನಾನು ಗಂಡಾಗಿ ಬಳಸಬೇಕಾದ ಗಿಡದ ಮೊಗ್ಗಿರುವ ರೆಂಬೆಗಳನ್ನು ಏಪ್ರಿಲ್‌ನಲ್ಲೇ ಕಡಿದು ತಂದು, ಮನೆಯೊಳಗೆ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ ಅರಳಿಸುತ್ತೇನೆ. ಅರಳುವ ಮುನ್ನ ಮೊಗ್ಗು ಬಿಡಿಸಿ, ಪರಾಗಕೋಶಗಳನ್ನು ಕಾಗದದ ಮೇಲೆ ಉದುರಿಸಿ ಒಂದು ರಾತ್ರಿ ಒಣಗಲು ಬಿಟ್ಟರೆ ಅವು ಒಡೆದು ಹಳದಿ ಹುಡಿ ಸಿಗುತ್ತದೆ. ಅದನ್ನು ಪುಟ್ಟ ಶೀಶೆಗೆ ತುಂಬಿ ಸಿಲಿಕಾ ಜೆಲ್ ಜತೆ ಫ್ರೀಜರಿನಲ್ಲಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತದೆ.

ತಾಯಿಗಿಡದ ಮೇಲೆ ಮಾಡುವ ಕೆಲಸ ಚೆರಿಗೂ ಪ್ಲಮ್‌ಗೂ ಬೇರೆ ಬೇರೆ. ಹುಳಿ ಚೆರಿ ತನ್ನದೇ ಪರಾಗದಿಂದ ಕಾಯಿಕಟ್ಟುತ್ತದೆಯಾದ್ದರಿಂದ ಮೊಗ್ಗು ಉಬ್ಬಿ ಇನ್ನೇನು ಅರಳಬೇಕು ಎನ್ನುವಾಗಲೇ ಅದರ ಕೇಸರಗಳನ್ನು ತೆಗೆಯಬೇಕು. ಕೇಸರಗಳೂ ದಳಗಳೂ ಹೂಬಟ್ಟಲಿನ ಅಂಚಿಗೇ ಅಂಟಿಕೊಂಡಿರುವುದರಿಂದ ಆ ಅಂಚನ್ನು ಉಗುರಿನಿಂದ ಚಿವುಟಿ ಎಳೆದರೆ ಎಲ್ಲವೂ ಒಟ್ಟಿಗೆ ಬಂದು ನಡುವಿನ ಶಲಾಕೆಯೊಂದೇ ಉಳಿಯುತ್ತದೆ. ದಳವಿಲ್ಲದ ಹೂವಿನತ್ತ ಜೇನುಹುಳು ಸಾಮಾನ್ಯವಾಗಿ ಸುಳಿಯುವುದಿಲ್ಲ. ಈ ಪ್ಲಮ್‌ಗಳಾದರೋ ಬಹುತೇಕ ತಮ್ಮ ಪರಾಗವನ್ನು ತಾವೇ ಒಲ್ಲವು. ಅಲ್ಲಿ ಕೇಸರ ತೆಗೆಯುವ ಶ್ರಮವಿಲ್ಲದೆ, ಇಡೀ ಕೊಂಬೆಗೆ ತೆಳುಬಟ್ಟೆಯ ಚೀಲ ಕಟ್ಟಿ, ಹೂ ಅರಳಿದಾಗ ಚೀಲ ಬಿಚ್ಚಿ ಪರಾಗ ಸವರಿ ಮತ್ತೆ ಕಟ್ಟಿದರೆ ಸಾಕು.

ಸಂಕರ ಪ್ಲಮ್‌ಗಳ ಪರಾಗ ಅನೇಕ ವೇಳೆ ಜೊಳ್ಳಾಗಿರುತ್ತದೆ ಎಂಬುದನ್ನು ಹೊಸಬರು ತಿಳಿದಿರಬೇಕು. ಸಕ್ಕರೆ ನೀರಿಗೆ ಚಿಟಿಕೆಗಿಂತ ಕಡಿಮೆ ಬೋರಿಕ್ ಆಮ್ಲ ಬೆರೆಸಿ, ಅದರ ಹನಿಯಲ್ಲಿ ಪರಾಗ ಹಾಕಿ ಕೆಲವು ಗಂಟೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಜೀವವಿರುವ ಕಣಗಳಿಂದ ನಳಿಕೆ ಹೊರಟಿರುವುದು ಕಾಣುತ್ತದೆ. ನಾನು ಸಂಕರ ಗಿಡವನ್ನು ಸಾಮಾನ್ಯವಾಗಿ ತಾಯಿಯಾಗಿಯೇ ಬಳಸುತ್ತೇನೆ, ತಂದೆಯಾಗಿ ಶುದ್ಧ ಕಾಡು ಪ್ಲಮ್ಮನ್ನು ಆರಿಸುತ್ತೇನೆ. ತೋಟದಲ್ಲಿ ಸಂಕರ ಪ್ಲಮ್ ನೆಡುವವರಿಗೂ ಪಕ್ಕದಲ್ಲೊಂದು ಕಾಡು ಪ್ಲಮ್ ಇರಲಿ ಎಂದು ಹೇಳುವುದು ಇದೇ ಕಾರಣಕ್ಕೆ.

ಹಣ್ಣು ಮಾಗಿದ ಮೇಲೆ ಓಟೆಯನ್ನು ತೊಳೆದು, ಪೂರ್ತಿ ಒಣಗಲು ಬಿಡದೆ, ತೇವವಿರುವ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನಲ್ಲಿ ಮೂರು ನಾಲ್ಕು ತಿಂಗಳು ಇಡುತ್ತೇನೆ. ಈ ಚಳಿ ಸಿಗದೆ ಮೊಳಕೆ ಏಳುವುದಿಲ್ಲ. ಆಪೂಸ್ ಮಾವಿನ ಓಟೆ ನೆಟ್ಟರೆ ಆಪೂಸೇ ಬರುವ ಭರವಸೆ ಹೇಗಿಲ್ಲವೋ ಹಾಗೆಯೇ ಇಲ್ಲೂ ಪ್ರತಿ ಸಸಿಯೂ ಬೇರೆ. ತಳಿಗಾರನ ಆಸೆಯೆಲ್ಲ ಆ ವ್ಯತ್ಯಾಸದಲ್ಲೇ ಇದೆ.

ಸಸಿಗಳನ್ನು ಸಾಲಿನಲ್ಲಿ ನೆಟ್ಟ ಮೇಲೆ ನಾನು ಮಾಡುವ ಮುಖ್ಯ ಕೆಲಸ ನೋಡುವುದು. ಜೂನ್ ಕಳೆದ ಮೇಲೆ ಸಾರಜನಕದ ಗೊಬ್ಬರ ಕೊಡುವುದಿಲ್ಲ. ಆಗಸ್ಟ್ ನಡುವಿನಿಂದ ನೀರನ್ನೂ ಕಡಿಮೆ ಮಾಡುತ್ತೇನೆ. ಹಗಲು ಕುಗ್ಗುತ್ತಿದ್ದಂತೆ ಕೆಲವು ಸಸಿಗಳ ತುದಿ ಬೆಳೆಯುವುದನ್ನು ನಿಲ್ಲಿಸಿ ಗಟ್ಟಿ ಮೊಗ್ಗಾಗುತ್ತದೆ, ಹಸಿರು ಚಿಗುರು ಕಂದು ತೊಗಟೆಯಾಗಿ ಬಲಿಯುತ್ತದೆ, ಸೆಪ್ಟೆಂಬರ್‌ನಲ್ಲಿ ಎಲೆಗೆ ಬಣ್ಣ ಏರುತ್ತದೆ. ಬೇರೆ ಕೆಲವು ಅಕ್ಟೋಬರ್‌ನ ಮಂಜಿನಲ್ಲೂ ಹಸಿರೆಲೆ ಹೊತ್ತು ನಿಂತಿರುತ್ತವೆ. ನೋಡಲು ಇವೇ ಸೊಂಪಾಗಿರುತ್ತವೆ, ಅತಿಥಿಗಳು ಇವನ್ನೇ ಮೆಚ್ಚುತ್ತಾರೆ. ಆದರೆ ಬಲಿಯದ ಆ ಚಿಗುರು ಡಿಸೆಂಬರ್ ದಾಟುವುದು ಅಪರೂಪ. ಕಾಡು ಪ್ಲಮ್ಮಿನ ಕಡೆ ಹೆಚ್ಚು ವಾಲಿದ ಸಸಿಗಳು ಬೇಗ ನಿಲ್ಲುತ್ತವೆ, ಜಪಾನೀ ಪ್ಲಮ್ಮನ್ನು ಹೋಲುವವು ತಡವಾಗಿ ನಿಲ್ಲುತ್ತವೆ. ದಪ್ಪ ಹಣ್ಣಿನ ಲಕ್ಷಣವಿದ್ದೂ ಬೇಗ ನಿಲ್ಲುವ ಅಪರೂಪದ ಸಸಿಗಾಗಿ ನಾನು ಸಾಲಿನುದ್ದಕ್ಕೂ ಪಟ್ಟಿ ಕಟ್ಟುತ್ತಾ ಹೋಗುತ್ತೇನೆ.

ಕೊಂಬೆ ಉಳಿದರೂ ಹೂಮೊಗ್ಗು ಉಳಿದಿರಬೇಕೆಂದಿಲ್ಲ. ಪ್ರೂನಸ್ ಕುಲದ ಹೂಮೊಗ್ಗಿನೊಳಗಿನ ನೀರು ಸೊನ್ನೆಗಿಂತ ಎಷ್ಟೋ ಕೆಳಗಿಳಿದರೂ ಹೆಪ್ಪುಗಟ್ಟದೆ ದ್ರವವಾಗಿಯೇ ಇರಬಲ್ಲದು. ಆದರೆ ಆ ಜಾತಿಯ ಮಿತಿ ದಾಟಿದ ಕ್ಷಣ ಒಮ್ಮೆಲೇ ಹೆಪ್ಪಾಗಿ ಮೊಗ್ಗಿನೊಳಗಿನ ಎಳೆಯ ಹೂವನ್ನು ಕೊಲ್ಲುತ್ತದೆ. ಏಪ್ರಿಲ್‌ನಲ್ಲಿ ಕೆಲವು ಮೊಗ್ಗುಗಳನ್ನು ಬ್ಲೇಡಿನಿಂದ ಅಡ್ಡಕ್ಕೆ ಸೀಳಿ ನೋಡುತ್ತೇನೆ. ನಡುವೆ ಹಸಿರಿದ್ದರೆ ಜೀವವಿದೆ, ಕಂದು ಚುಕ್ಕೆ ಇದ್ದರೆ ಆ ಹೂ ಹೋಯಿತು. ಚಳಿಗಾಲದ ನಡುವೆ ಬೆಚ್ಚಗಿನ ವಾರವೊಂದು ಬಂದುಹೋದ ವರ್ಷ, ಮೈನಸ್ 40 ಕಾಣದಿದ್ದರೂ, ಕಂದು ಚುಕ್ಕೆಗಳು ಹೆಚ್ಚಿರುತ್ತವೆ. ಆ ಶಾಖಕ್ಕೆ ಮೊಗ್ಗು ತನ್ನ ಬಿಗುವನ್ನು ಸಡಿಲಿಸಿಬಿಟ್ಟಿರುತ್ತದೆ. ಅರಳಿದ ಹೂವಿಗಂತೂ ಸುಮಾರು ಮೈನಸ್ 2 ಡಿಗ್ರಿಯೇ ಅಪಾಯದ ಆರಂಭ. ಹಾಗಾಗಿ ಉಳಿದೆಲ್ಲ ಸಮನಾಗಿದ್ದರೆ ನಾನು ಎರಡು ದಿನ ತಡವಾಗಿ ಹೂಬಿಡುವ ಗಿಡವನ್ನೇ ಇಟ್ಟುಕೊಳ್ಳುತ್ತೇನೆ.

ಹಣ್ಣಿನ ಪರೀಕ್ಷೆಯಲ್ಲಿ ನಾನು ಗಾತ್ರಕ್ಕಿಂತ ಸಿಪ್ಪೆಗೆ ಹೆಚ್ಚು ಬೆಲೆ ಕೊಡುತ್ತೇನೆ. ಕಾಡು ಪ್ಲಮ್ಮಿನ ಸಿಪ್ಪೆ ಒಗರು. ತಿರುಳು ಎಷ್ಟೇ ಸಿಹಿಯಿದ್ದರೂ ಬೇಯಿಸಿ ಜಾಮ್ ಮಾಡಿದಾಗ ಆ ಒಗರು ಮೇಲೆದ್ದು ಬರುತ್ತದೆ. ಆದ್ದರಿಂದ ಸಿಪ್ಪೆಯನ್ನು ಬೇರೆಯಾಗಿ ಅಗಿದು ನೋಡಿಯೇ ತೀರ್ಮಾನಿಸುತ್ತೇನೆ. ಜತೆಗೆ, ಸೆಪ್ಟೆಂಬರ್ ಮಧ್ಯದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಚಳಿ ಶುರುವಾಗುವ ಮೊದಲು ಮಾಗದ ಹಣ್ಣು ಎಷ್ಟು ಚೆನ್ನಾಗಿದ್ದರೂ ನಮಗೆ ನಿಷ್ಪ್ರಯೋಜಕ.

ಆಯ್ದ ಪ್ಲಮ್ಮನ್ನು ಕಾಡು ಪ್ಲಮ್ಮಿನ ಬೇರುಗಿಡಕ್ಕೇ ಕಣ್ಣು ಕಸಿ ಮಾಡುತ್ತೇನೆ, ಏಕೆಂದರೆ ಹಿಮದ ಹೊದಿಕೆ ತೆಳುವಾದ ವರ್ಷ ಸೌಮ್ಯ ಹವೆಯ ಬೇರು ಮೊದಲು ಸಾಯುತ್ತದೆ. ಪೊದೆ ಚೆರಿಗೆ ಕಸಿಯೇ ಬೇಡ. ಬುಡದಿಂದ ಏಳುವ ಕಂದುಗಳನ್ನು ಬೇರು ಸಮೇತ ಕಿತ್ತು ನೆಟ್ಟರೆ ಅದೇ ತಳಿ ಸಿಗುತ್ತದೆ. ಹೀಗೆ ತಯಾರಾದ ಗಿಡಗಳಲ್ಲಿ ಒಂದೆರಡನ್ನು ಗಾಳಿಗೆ ಹಿಮ ನಿಲ್ಲದ ನೆರೆಯವರ ಹೊಲದಂಚಿಗೆ ಕೊಡುತ್ತೇನೆ. ನನ್ನ ತೋಟದಲ್ಲಿ ಮರಗಳ ಬೇಲಿ ಇದೆ, ಹಿಮ ಮೊಣಕಾಲುದ್ದ ಕೂಡುತ್ತದೆ. ಅಂಥ ಆಸರೆಯಿಲ್ಲದ ಕಡೆ ಎರಡು ಚಳಿಗಾಲ ಕಳೆದು ಕಾಯಿಬಿಟ್ಟ ಗಿಡದಿಂದ ಮಾತ್ರ ಇತರರಿಗೆ ಕಸಿಕಡ್ಡಿ ಕತ್ತರಿಸಿ ಕೊಡುತ್ತೇನೆ.