ತಕ್ಕಡಿಯಲ್ಲಿ ಕಾರ್ಮಿನಾ ಬುರಾನಾ

ಮ್ಯೂನಿಕ್‌ನಲ್ಲಿ ನಾನು ಹಾಡುವ ಹವ್ಯಾಸಿ ಗಾಯಕವೃಂದ ಆ ವರ್ಷ ಜರ್ಮನ್ ಸಂಗೀತಕಾರ ಕಾರ್ಲ್ ಆರ್ಫ್ ಅವರ ‘ಕಾರ್ಮಿನಾ ಬುರಾನಾ’ ಎಂಬ ವೃಂದಗಾನದ ಕೃತಿಯನ್ನು ಕೈಗೆತ್ತಿಕೊಂಡಿತು. ಸ್ವರಲಿಪಿ ಹಂಚುವಾಗ ನಮ್ಮ ನಿರ್ದೇಶಕರು ಒಂದು ಎಚ್ಚರಿಕೆ ಕೊಟ್ಟರು: ಯಾವುದಾದರೂ ಒಂದೇ ಧ್ವನಿಮುದ್ರಣವನ್ನು ಕೇಳಿ ಕಲಿಯಬೇಡಿ. ಮೈಸೂರಿನಲ್ಲಿ ಅಮ್ಮನ ಎದುರು ಕುಳಿತು ಕರ್ನಾಟಕ ಸಂಗೀತ ಕಲಿತ ನನಗೆ ಆ ಮಾತು ಕಷ್ಟದ್ದಾಗಿತ್ತು. ಗುರುವಿನ ಬಾಯಿಂದ ಬಂದ ಒಂದೇ ಪಾಠಾಂತರವನ್ನು ಹಿಡಿದು, ಅದು ನಾಲಿಗೆಯ ಮೇಲೆ ನಿಲ್ಲುವವರೆಗೆ ಹಾಡುವುದೇ ನನಗೆ ಗೊತ್ತಿದ್ದ ದಾರಿ. ಹಾಗಾಗಿ ಐದು ಧ್ವನಿಮುದ್ರಣಗಳನ್ನು ಆರಿಸಿಕೊಂಡು, ಅವನ್ನು ಐದು ಪಾಠಾಂತರಗಳೆಂದೇ ತಿಳಿದು ಕೇಳಲು ಕುಳಿತೆ.

ಕೃತಿಯ ಹಿನ್ನೆಲೆ ಈ ಊರಿಗೆ ಅಂಟಿಕೊಂಡಿದೆ. ಮ್ಯೂನಿಕ್‌ನ ದಕ್ಷಿಣಕ್ಕಿರುವ ಬೆನೆಡಿಕ್ಟ್‌ಬಾಯರ್ನ್ ಮಠದಲ್ಲಿ 1803ರಲ್ಲಿ ಒಂದು ಮಧ್ಯಯುಗದ ಹಸ್ತಪ್ರತಿ ಸಿಕ್ಕಿತು. ಅದರಲ್ಲಿದ್ದದ್ದು ವಸಂತ, ಹೆಂಡ, ಜೂಜು, ಪ್ರೇಮ, ವಿಧಿಯ ಚಕ್ರ ಇವುಗಳ ಮೇಲಿನ ಪದ್ಯಗಳು. ಹೆಚ್ಚಿನವು ಲ್ಯಾಟಿನ್‌ನಲ್ಲಿ, ಕೆಲವು ಹಳೆಯ ಜರ್ಮನ್‌ನಲ್ಲಿ. ಮ್ಯೂನಿಕ್‌ನಲ್ಲೇ ಹುಟ್ಟಿದ ಆರ್ಫ್ ಅವುಗಳಲ್ಲಿ 24ನ್ನು ಆರಿಸಿ ಸಂಗೀತಕ್ಕೆ ಅಳವಡಿಸಿದರು. ಮೊದಲ ಪ್ರದರ್ಶನ 1937ರ ಜೂನ್ 8ರಂದು ಫ್ರಾಂಕ್‌ಫರ್ಟ್‌ನಲ್ಲಿ ನಡೆಯಿತು.

ಹೋಲಿಕೆಯಲ್ಲಿ ನಾನು ಮಾಡಿದ ಮೊದಲ ತಪ್ಪು, ಕೃತಿಯ ಮೊದಲ ಹಾಡು ‘ಓ ಫೋರ್ತುನಾ’ದಿಂದ ಆರಂಭಿಸಿದ್ದು. ಎಲ್ಲರಿಗೂ ಗೊತ್ತಿರುವ ಭಾಗ ಅದು, ಜಾಹೀರಾತುಗಳಲ್ಲೂ ಕೇಳಿಬರುತ್ತದೆ. ಐದನ್ನೂ ಒಂದರ ಹಿಂದೆ ಒಂದು ಕೇಳಿದೆ. ಐದೂ ಭವ್ಯವಾಗಿದ್ದವು, ಯಾವುದೂ ಬೇರೆಯಾಗಿ ನಿಲ್ಲಲಿಲ್ಲ. ಎರಡನೆಯ ತಪ್ಪು, ಕಚೇರಿಗೆ ಹೋಗುವ ರೈಲಿನಲ್ಲಿ ಕೇಳಿದ್ದು. ಆರ್ಭಟದ ಮೊದಲ ಸಾಲುಗಳ ನಂತರ ವೃಂದ ಥಟ್ಟನೆ ಪಿಸುಮಾತಿಗೆ ಇಳಿಯುತ್ತದೆ. ರೈಲಿನ ಸದ್ದಿನಲ್ಲಿ ಆ ಪಿಸುಮಾತು ಪೂರಾ ಕಳೆದುಹೋಗುತ್ತಿತ್ತು. ಈ ಕೃತಿಯ ಜೀವ ಅರ್ಧಕ್ಕರ್ಧ ಅಲ್ಲೇ ಇದೆ.

ಆಮೇಲೆ ಕ್ರಮ ಬದಲಿಸಿದೆ. ರಾತ್ರಿ ಮನೆಯಲ್ಲಿ, ಸ್ವರಲಿಪಿಯನ್ನು ಮುಂದಿಟ್ಟುಕೊಂಡು, ಒಂದು ದಿನಕ್ಕೆ ಒಂದೇ ಹಾಡನ್ನು ಐದು ಧ್ವನಿಮುದ್ರಣಗಳಲ್ಲಿ ಕೇಳುತ್ತಿದ್ದೆ. ಪ್ರತಿ ಬಾರಿಯೂ ಮೊದಲು ಆರಂಭದ ಆರ್ಭಟವನ್ನು ಹಾಕಿ, ಅದು ಹಿಂದಿನದರಷ್ಟೇ ಜೋರಾಗಿ ಕೇಳುವಂತೆ ಸದ್ದನ್ನು ಹೊಂದಿಸುತ್ತಿದ್ದೆ. ಇದು ಸಣ್ಣ ಕೆಲಸವೆನಿಸಬಹುದು, ಆದರೆ ಇದಿಲ್ಲದೆ ಹೋಲಿಕೆಯೇ ಇಲ್ಲ: ತುಸು ಜೋರಾಗಿರುವುದು ತುಸು ಚೆನ್ನಾಗಿರುವಂತೆ ಕಿವಿಗೆ ಕೇಳುತ್ತದೆ.

ನನ್ನ ಕಿವಿ ತೆರೆಸಿದ್ದು ‘ಓಲಿಮ್ ಲಾಕುಸ್ ಕೊಲುಯೆರಾಮ್’. ಒಂದು ಕಾಲದಲ್ಲಿ ಸರೋವರದಲ್ಲಿ ಬಿಳಿಯಾಗಿ ತೇಲುತ್ತಿದ್ದ ಹಂಸ ಈಗ ಸಲಾಕೆಯ ಮೇಲೆ ಸುಟ್ಟು ಕರಿಯಾಗುತ್ತಾ ಹಾಡುವ ಹಾಡು. ಟೆನರ್ ಗಾಯಕನಿಗೆ, ಅಂದರೆ ಗಂಡಸರಲ್ಲಿ ಎತ್ತರದ ಕಂಠದವನಿಗೆ, ಇಡೀ ಕೃತಿಯಲ್ಲಿ ಇರುವುದು ಇದೊಂದೇ ಏಕವ್ಯಕ್ತಿ ಹಾಡು; ಅದನ್ನು ಆರ್ಫ್ ಅವನ ಕಂಠಕ್ಕೆ ಎಟುಕದಷ್ಟು ಎತ್ತರದಲ್ಲಿ ಬರೆದಿದ್ದಾರೆ. ವಾದ್ಯವೃಂದದ ನಿರ್ದೇಶಕ ಓಯ್ಗೆನ್ ಯೋಖುಮ್ 1967ರಲ್ಲಿ ಬರ್ಲಿನ್‌ನ ಡಾಯ್ಚ ಓಪರ್ ವೃಂದದೊಡನೆ ಮಾಡಿದ ಧ್ವನಿಮುದ್ರಣಕ್ಕೆ ಆರ್ಫ್ ಅವರ ಒಪ್ಪಿಗೆಯ ಮುದ್ರೆಯೇ ಇತ್ತು. ಅದರಲ್ಲಿ ಈ ಹಾಡನ್ನು ಗೆರ್ಹಾರ್ಟ್ ಷ್ಟೋಲ್ಜ ಹಾಡಿದ್ದಾರೆ. ಮಿಷೆಲ್ ಪ್ಲಾಸೊನ್ ಅವರ 1990ರ ದಶಕದ ತುಲೂಸ್ ಧ್ವನಿಮುದ್ರಣದಲ್ಲಿ ಹಾಡಿರುವವರು ಝೆರಾರ್ ಲೆನ್. ಅವರು ಕೌಂಟರ್‌ಟೆನರ್, ಅಂದರೆ ಹೆಂಗಸರ ಎತ್ತರದಲ್ಲಿ ಹಾಡುವ ಗಂಡಸು; ಆ ಎತ್ತರ ಅವರಿಗೆ ಮನೆಯಂಗಳವಿದ್ದಂತೆ. ಲೆನ್ ಅವರದು ಎಷ್ಟು ನಯವಾಗಿದೆಯೆಂದರೆ ಮೊದಲ ಸಲ ಕೇಳಿದಾಗ ಅದೇ ಮೇಲು ಎಂದು ಬರೆದುಕೊಂಡೆ.

ಆ ವಾರ ಅಮ್ಮನಿಗೆ ಫೋನಿನಲ್ಲಿ ಎರಡನ್ನೂ ಕೇಳಿಸಿದೆ. ಅರ್ಥ ಹೇಳಿರಲಿಲ್ಲ. ಲೆನ್ ಹಾಡಿದಾಗ ‘ಒಳ್ಳೆಯ ಕಂಠ’ ಎಂದರು. ಷ್ಟೋಲ್ಜ ಹಾಡಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇವನಿಗೇನಾಗಿದೆ? ಯಾರಾದರೂ ಹಿಂಸೆ ಕೊಡುತ್ತಿದ್ದಾರೆಯೇ?’ ಎಂದು ಕೇಳಿದರು. ಮೂರು ಚರಣಗಳಲ್ಲಿ ಹಂಸ ಹೇಳುತ್ತಿರುವುದೇ ಅದು. ನನ್ನ ಟಿಪ್ಪಣಿಯನ್ನು ಹೊಡೆದುಹಾಕಿದೆ. ಆರ್ಫ್ ಕಂಠದ ಕಷ್ಟವನ್ನೇ ಹಾಡಿನ ಅರ್ಥವನ್ನಾಗಿ ಮಾಡಿದ್ದಾರೆ. ಆ ಕಷ್ಟವನ್ನು ತೆಗೆದರೆ ಸ್ವರ ಉಳಿಯುತ್ತದೆ, ಹಂಸ ಉಳಿಯುವುದಿಲ್ಲ.

ಅಂದಿನಿಂದ ನನ್ನ ಅಳತೆಗೋಲು ಬದಲಾಯಿತು. ನಮ್ಮಲ್ಲಿ ಧಾತು, ಮಾತು ಎಂದು ಎರಡು ಹೇಳುತ್ತೇವೆ. ಧಾತು ಸ್ವರದ ಭಾಗ, ಮಾತು ಸಾಹಿತ್ಯದ ಭಾಗ. ಆರ್ಫ್ ಅವರ ಧಾತು ಬಹಳ ಸರಳ. ದೇವರನಾಮದ ಚರಣಗಳಂತೆ ಒಂದೇ ಮಟ್ಟು ಮತ್ತೆ ಮತ್ತೆ ಬರುತ್ತದೆ, ಅದು ಬೆಳೆಯುವುದಿಲ್ಲ, ಕವಲೊಡೆಯುವುದಿಲ್ಲ. ಮೂರನೆಯ ಚರಣ ಮೊದಲನೆಯದಕ್ಕಿಂತ ಬೇರೆಯಾಗಿ ಕೇಳಬೇಕಾದರೆ ಅದು ಮಾತಿನಿಂದ ಮತ್ತು ಲಯದಿಂದ ಆಗಬೇಕು. ಹಾಗಾಗಿ ಒಂದೇ ಪ್ರಶ್ನೆ ಕೇಳಿಕೊಳ್ಳತೊಡಗಿದೆ: ಹಾಡುತ್ತಿರುವವರಿಗೆ ತಾವು ಏನು ಹೇಳುತ್ತಿದ್ದೇವೆಂಬುದು ಗೊತ್ತಿದೆಯೇ?

ಈ ಪ್ರಶ್ನೆಗೆ ಗಂಡಸರ ಹೆಂಡದಂಗಡಿಯ ಹಾಡು ‘ಇನ್ ತಾಬೆರ್ನಾ’ ಒಳ್ಳೆಯ ಒರೆಗಲ್ಲು. ಯಜಮಾನಿ ಕುಡಿಯುತ್ತಾಳೆ, ಯಜಮಾನ ಕುಡಿಯುತ್ತಾನೆ, ಸೈನಿಕ ಕುಡಿಯುತ್ತಾನೆ, ಪಾದ್ರಿ ಕುಡಿಯುತ್ತಾನೆ ಎಂದು ಪಟ್ಟಿ ಓಡುತ್ತದೆ. ರಿಕಾರ್ಡೊ ಮೂತಿ 1979ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಡನೆ ಇದನ್ನು ಹುಚ್ಚು ಹುರುಪಿನಿಂದ ಓಡಿಸುತ್ತಾರೆ. ಮೈ ನಡುಗುತ್ತದೆ, ಆದರೆ ಕುಡಿಯುವವರು ಯಾರು ಯಾರು ಎಂಬುದು ನನ್ನ ಕಿವಿಗೆ ಸಿಗಲಿಲ್ಲ. ಆಂದ್ರೆ ಪ್ರೆವಿನ್ 1974ರಲ್ಲಿ ಲಂಡನ್ ಸಿಂಫನಿಯೊಡನೆ ಕಾಲಪ್ರಮಾಣವನ್ನು ತುಸು ಕೆಳಗಿಟ್ಟು ಪ್ರತಿ ಅಕ್ಷರವನ್ನೂ ಕಚ್ಚಿ ಹಾಡಿಸಿದ್ದಾರೆ. ಪಟ್ಟಿಯ ಕೊನೆಗೆ ಬರುವ ಹೊತ್ತಿಗೆ ಇಡೀ ಊರೇ ಆ ಅಂಗಡಿಯಲ್ಲಿ ಕುಳಿತಂತೆ ಅನ್ನಿಸುತ್ತದೆ. ನನಗೆ ಪ್ರೆವಿನ್ ಅವರದೇ ಮೇಲು.

ಉಚ್ಚಾರದಲ್ಲಿ ನಾನು ಪೆಟ್ಟು ತಿಂದೆ. ಲ್ಯಾಟಿನ್ನಿನ ಕೆಲವು ಅಕ್ಷರಗಳನ್ನು ಜರ್ಮನ್ನರು ಒಂದು ರೀತಿ, ಇಟಲಿಯ ಚರ್ಚಿನ ಪದ್ಧತಿಯವರು ಇನ್ನೊಂದು ರೀತಿ ನುಡಿಯುತ್ತಾರೆ: ಜರ್ಮನ್ನರದು ‘ದುಲ್‌ತ್ಸಿಸ್ಸಿಮೆ’, ಇಟಲಿಯ ಪದ್ಧತಿಯವರದು ‘ದುಲ್‌ಚಿಸ್ಸಿಮೆ’. ಕಿವಿಯಿಂದ ಕಲಿತ ನನ್ನ ‘ಚಿ’ ತಾಲೀಮಿನಲ್ಲಿ ನಲವತ್ತು ‘ತ್ಸಿ’ಗಳ ನಡುವೆ ಒಂಟಿಯಾಗಿ ಕೇಳಿಸಿತು. ಧ್ವನಿಮುದ್ರಣಗಳಿಂದ ಭಾವ ತೆಗೆದುಕೊಳ್ಳಬಹುದು, ಉಚ್ಚಾರವನ್ನು ಮಾತ್ರ ನಿರ್ದೇಶಕರ ಬಾಯಿಂದಲೇ ಕಲಿಯಬೇಕು.

ಹೆಚ್ಚು ರಾತ್ರಿಗಳನ್ನು ತೆಗೆದುಕೊಂಡದ್ದು ‘ಇನ್ ತ್ರುತೀನಾ’. ಎರಡು ನಿಮಿಷಕ್ಕೂ ಸ್ವಲ್ಪ ಹೆಚ್ಚಿನ, ಸೊಪ್ರಾನೊ ಎಂಬ ಹೆಂಗಸರ ಅತಿ ಎತ್ತರದ ಕಂಠದ ಹಾಡು. ತ್ರುತೀನಾ ಎಂದರೆ ತಕ್ಕಡಿ. ಮನಸ್ಸಿನ ತಕ್ಕಡಿಯಲ್ಲಿ ಒಂದು ಕಡೆ ಮೋಹ, ಇನ್ನೊಂದು ಕಡೆ ಲಜ್ಜೆ. ಕೊನೆಗೆ ಅವಳು ಕಂಡದ್ದನ್ನೇ ಆರಿಸಿ, ನೊಗಕ್ಕೆ ಕೊರಳೊಡ್ಡುತ್ತಾಳೆ, ಅದು ಸವಿಯಾದ ನೊಗ ಎನ್ನುತ್ತಾಳೆ. ಯೋಖುಮ್ ಅವರಲ್ಲಿ ಗುಂಡುಲಾ ಯಾನೊವಿಟ್ಸ್ ಹಾಡಿರುವುದು ಬೆಳ್ಳಿಯ ತಂತಿಯಂತಿದೆ, ಎಲ್ಲೂ ಅಲುಗುವುದಿಲ್ಲ. 1960ರ ದಶಕದ್ದೇ ಆದ ರಫಾಯೆಲ್ ಫ್ರೂಬೆಕ್ ದೆ ಬುರ್ಗೋಸ್ ಅವರ ಧ್ವನಿಮುದ್ರಣದಲ್ಲಿ ಹಾಡಿರುವವರು ಲೂಚಿಯಾ ಪಾಪ್. ಅವರ ದನಿಯಲ್ಲಿ ನಿರ್ಧಾರ ಆ ಕ್ಷಣವೇ ಆಗುತ್ತಿದೆ. ‘ಆದರೂ ಆರಿಸುತ್ತೇನೆ’ ಎಂಬಲ್ಲಿಗೆ ಬಂದಾಗ ಪ್ರತಿ ಬಾರಿಯೂ ನನ್ನ ಉಸಿರು ನಿಲ್ಲುತ್ತದೆ. ಒಟ್ಟು ಕೃತಿಗೆ ನಾನು ಯೋಖುಮ್ ಅವರನ್ನೇ ಮೊದಲು ಹೇಳುತ್ತೇನೆ. ಈ ಒಂದು ಹಾಡಿಗೆ ಮಾತ್ರ ಪಾಪ್.

ನಮ್ಮ ಕಾರ್ಯಕ್ರಮಕ್ಕೆ ವಾದ್ಯವೃಂದವಿರಲಿಲ್ಲ. ಆರ್ಫ್ ಅವರ ಶಿಷ್ಯ ವಿಲ್‌ಹೆಲ್ಮ್ ಕಿಲ್‌ಮಾಯರ್ 1956ರಲ್ಲಿ ಮಾಡಿದ, ಎರಡು ಪಿಯಾನೊ ಮತ್ತು ತಾಳವಾದ್ಯಗಳ ರೂಪವನ್ನು ಹಾಡಿದೆವು. ‘ಇನ್ ತ್ರುತೀನಾ’ ಬಂದಾಗ ವೃಂದಕ್ಕೆ ಕೆಲಸವಿಲ್ಲ. ತಗ್ಗಿನ ಕಂಠದ ಹೆಂಗಸರಾದ ಆಲ್ಟೊಗಳ ಸಾಲಿನಲ್ಲಿ ನಿಂತಿದ್ದ ನಾನು ಪುಸ್ತಕ ಮುಚ್ಚಿದೆ. ನಮ್ಮ ಸೊಪ್ರಾನೊ ‘ಆರಿಸುತ್ತೇನೆ’ ಎಂಬ ಮಾತಿಗೆ ಮುಂಚೆ, ನಾನು ಕೇಳಿದ ಐದರಲ್ಲಿ ಯಾರೂ ನಿಲ್ಲದಷ್ಟು ಹೊತ್ತು ನಿಂತಳು. ಪಿಯಾನೊದವರು ಕೈ ಎತ್ತಿ ಹಿಡಿದು ಅವಳಿಗಾಗಿ ಕಾದರು.