ಎಚ್‌ಪಿವಿ ಲಸಿಕೆ ಹಾಕಿಸೋಕೆ ಹೊರಡುವ ಮುಂಚೆ: ತಿಂಡಿ ತಿನ್ನಿಸಿ, ಪ್ರಶ್ನೆ ಕೇಳಿ

ಮೊದಲು ಮಗಳಿಗೆ ಹೊಟ್ಟೆ ತುಂಬ ತಿಂಡಿ ತಿನ್ನಿಸಿ. ತಮಾಷೆಗೆ ಹೇಳ್ತಿಲ್ಲ. ಎಚ್‌ಪಿವಿ ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಅದರಿಂದ ಬರುವ ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತಡೆಯೋಕೆ ಹುಡುಗಿಯರಿಗೆ ಹಾಕಿಸುವ ಲಸಿಕೆ ಇದು.

ನನ್ನ ಮಗಳಿಗೆ ಮೊದಲ ಡೋಸ್ ಹಾಕಿಸಿದ್ದು ಹದಿಮೂರನೇ ವಯಸ್ಸಲ್ಲಿ. ಬೆಳಗ್ಗೆ ಟ್ಯೂಷನ್ ಮುಗಿಸಿ ಹಾಗೇ ಬಂದಿದ್ದಳು, ಅರ್ಧ ಲೋಟ ಹಾಲು ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಸೂಜಿ ಚುಚ್ಚಿದ್ದು ಎರಡು ಸೆಕೆಂಡ್. ಹತ್ತಿ ಒತ್ತಿಕೊಂಡು "ಅಷ್ಟೇನಾ?" ಅಂದಳು. ಕ್ಲಿನಿಕ್‌ನವರು "ಆಯ್ತು, ಹೊರಡಿ" ಅಂದರು, ನಾವೂ ಹೊರಟೆವು. ಸ್ಕೂಟರ್ ಹತ್ತಿರ ಬಂದು ಹೆಲ್ಮೆಟ್ ಕೈಗೆ ತಗೊಂಡವಳು "ಅಮ್ಮಾ, ಕಣ್ಣು ಕತ್ತಲೆ ಬರ್ತಿದೆ" ಅಂದಳು. ತುಟಿ ಬಿಳಿಚಿಕೊಂಡಿತು, ಹಾಗೇ ಕುಸಿದಳು. ತೋಳು ನನ್ನ ಕೈಯಲ್ಲಿ ಇದ್ದದ್ದಕ್ಕೆ ತಲೆ ನೆಲಕ್ಕೆ ಬಡಿಯಲಿಲ್ಲ. ಅಲ್ಲೇ ಕಟ್ಟೆ ಮೇಲೆ ಮಲಗಿಸಿ ಕಾಲು ಎತ್ತಿ ಹಿಡಿದೆ. ಒಂದು ನಿಮಿಷಕ್ಕೆ ಕಣ್ಣು ಬಿಟ್ಟಳು, ಕೇಳಿದ ಮೊದಲ ಪ್ರಶ್ನೆ "ಎಲ್ರೂ ನೋಡಿದ್ರಾ?"

ಈ ಲಸಿಕೆ ಹಾಕಿಸುವ ದಿನ ಹೆದರಬೇಕಾದದ್ದು ಮುಖ್ಯವಾಗಿ ಇದಕ್ಕೇ. ಹದಿಹರೆಯದ ಮಕ್ಕಳು ಯಾವ ಇಂಜೆಕ್ಷನ್ ತಗೊಂಡರೂ ಹೀಗೆ ತಲೆ ಸುತ್ತಿ ಬೀಳುವುದು ಉಂಟು. ಔಷಧಿ ಕಾರಣ ಅಲ್ಲ, ಸೂಜಿಯ ಭಯ. ಖಾಲಿ ಹೊಟ್ಟೆ ಅದಕ್ಕೆ ಒಗ್ಗರಣೆ. ಶಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಹಾಕುವಾಗ ಒಬ್ಬಳು ಬಿದ್ದರೆ ಹಿಂದಿನವಳಿಗೂ ಕಾಲು ನಡುಗುತ್ತದೆ, ಅಲ್ವಾ? ಅದಕ್ಕೇ ಕೂರಿಸಿ ಹಾಕಿಸಿ, ಹಾಕಿದ ಮೇಲೆ 15 ನಿಮಿಷ ಅಲ್ಲೇ ಕೂತಿರಿ. ಹೋಗಿ ಅಂದರೂ ಹೋಗಬೇಡಿ. ನಿಜವಾದ ಅಲರ್ಜಿ, ಅಂದರೆ ಮೈಯೆಲ್ಲ ದದ್ದು, ಮುಖ ಊತ, ಉಸಿರಾಟದ ತೊಂದರೆ, ಬಂದರೆ ಸಾಮಾನ್ಯವಾಗಿ ಈ ಹೊತ್ತಿನಲ್ಲೇ ಕಾಣಿಸಿಕೊಳ್ಳುತ್ತದೆ. ಅದು ತೀರಾ ಅಪರೂಪ. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಸಮಿತಿ 2017ರಲ್ಲಿ ಹೇಳಿದ ಲೆಕ್ಕ 10 ಲಕ್ಷ ಡೋಸಿಗೆ ಸುಮಾರು 1.7. ಆಗಲೇ ಜಗತ್ತಿನಲ್ಲಿ 27 ಕೋಟಿಗೂ ಜಾಸ್ತಿ ಡೋಸ್ ಹೋಗಿತ್ತು.

ಲಸಿಕೆಯಿಂದಲೇ ವೈರಸ್ ಬಂದರೆ ಅಂತ ನನ್ನ ತಂಗಿ ಕೇಳಿದಳು. ಬರಲ್ಲ. ಅದರೊಳಗೆ ವೈರಸ್ ಇಲ್ಲ. ವೈರಸ್‌ನ ಹೊರಗಿನ ಕವಚದ ಪ್ರೋಟೀನ್ ಒಂದನ್ನು ಮಾತ್ರ ಕಾರ್ಖಾನೆಯಲ್ಲಿ ಬೆಳೆಸುತ್ತಾರೆ, ಅದು ತಾನೇ ಸೇರಿಕೊಂಡು ಒಳಗೆ ಏನೂ ಇಲ್ಲದ ಚೆಂಡಿನ ಆಕಾರಕ್ಕೆ ಬರುತ್ತದೆ, ಮೈ ಅದನ್ನೇ ವೈರಸ್ ಅಂದುಕೊಂಡು ಕಾವಲು ಕಟ್ಟಿಕೊಳ್ಳುತ್ತದೆ. ತೆಂಗಿನಕಾಯಿಯ ಚಿಪ್ಪು ಇದೆ, ಒಳಗೆ ಕಾಯಿ ಇಲ್ಲ, ಹಾಗೆ.

"ಮುಂದೆ ಮಕ್ಕಳಾಗಲ್ವಂತೆ" ಅನ್ನೋದು ಇನ್ನೊಂದು. ಇದನ್ನು ಹುಡುಕಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ಸುಮಾರು 2 ಲಕ್ಷ ಹುಡುಗಿಯರ ವೈದ್ಯಕೀಯ ದಾಖಲೆ ಜಾಲಾಡಿದಾಗ, ಅಂಡಾಶಯ ಬೇಗ ಕೆಲಸ ನಿಲ್ಲಿಸುವುದಕ್ಕೂ ಈ ಲಸಿಕೆಗೂ ಸಂಬಂಧ ಸಿಗಲಿಲ್ಲ. ಗರ್ಭಕೋಶಕ್ಕೆ ನಿಜವಾಗಿ ಕುತ್ತು ತರುವುದು ಗರ್ಭಕಂಠದ ಕ್ಯಾನ್ಸರ್. ಭಾರತದಲ್ಲಿ ವರ್ಷಕ್ಕೆ 1.2 ಲಕ್ಷಕ್ಕೂ ಜಾಸ್ತಿ ಹೆಂಗಸರಿಗೆ ಅದು ಬರುತ್ತದೆ.

ಈಗ ಖಮ್ಮಂ ಕಥೆ. ಯಾರಾದರೂ ನಿಮಗೆ ವಾಟ್ಸ್ಯಾಪ್‌ನಲ್ಲಿ ಕಳಿಸಿಯೇ ಇರುತ್ತಾರೆ. 2009-10ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಹುಡುಗಿಯರಿಗೆ ಈ ಲಸಿಕೆ ಹಾಕಿದರು. ಅವರಲ್ಲಿ ಏಳು ಮಕ್ಕಳು ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ಸರ್ಕಾರ ಯೋಜನೆ ನಿಲ್ಲಿಸಿ ತನಿಖೆ ಮಾಡಿಸಿತು. ಒಂದು ಮಗು ನೀರಲ್ಲಿ ಮುಳುಗಿತ್ತು, ಒಂದಕ್ಕೆ ಹಾವು ಕಚ್ಚಿತ್ತು, ಕೀಟನಾಶಕ ಕುಡಿದ ಸಾವೂ ಇತ್ತು. ಲಸಿಕೆಯಿಂದ ಸತ್ತದ್ದು ಅನ್ನುವುದಕ್ಕೆ ತನಿಖೆಯಲ್ಲಿ ಆಧಾರ ಸಿಗಲಿಲ್ಲ. ಹಾಗಂತ ಎಲ್ಲ ಸರಿ ಇತ್ತು ಅಂತಲ್ಲ. ಎಷ್ಟೋ ಕಡೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅಪ್ಪ ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಚೆನ್ನಾಗಿಯೇ ಝಾಡಿಸಿತು. ನನ್ನ ಪ್ರಕಾರ ಆ ಸಿಟ್ಟು ನ್ಯಾಯವಾದದ್ದು, ಆದರೆ ಅದು ಹೋಗಬೇಕಾದದ್ದು ಸಹಿ ಹಾಕಿಸಿದ ರೀತಿಯ ಮೇಲೆ, ಸೀಸೆಯ ಮೇಲಲ್ಲ. ಶಾಲೆಯಿಂದ ಒಪ್ಪಿಗೆ ಚೀಟಿ ಬಂದರೆ ಸುಮ್ನೆ ಸಹಿ ಗೀಚಿ ಕಳಿಸಬೇಡಿ. ಓದಿ, ಫೋನ್ ಮಾಡಿ ಕೇಳಿ, ಮಗಳಿಗೂ ಏನು, ಯಾಕೆ ಅಂತ ಹೇಳಿ, ಆಮೇಲೆ ಸಹಿ ಹಾಕಿ.

ಕೇಳಬೇಕಾದದ್ದು ಹೆಚ್ಚೇನಿಲ್ಲ. ಯಾವ ಲಸಿಕೆ, ಬ್ಯಾಚ್ ನಂಬರ್ ಏನು, ಅವಧಿ ಯಾವಾಗ ಮುಗಿಯುತ್ತದೆ, ಫ್ರಿಜ್‌ನಲ್ಲಿ ಇಟ್ಟಿದ್ದಾ (2ರಿಂದ 8 ಡಿಗ್ರಿಯಲ್ಲಿ ಇರಬೇಕು, ಮಂಜುಗಡ್ಡೆ ಥರ ಗಟ್ಟಿಯಾಗಬಾರದು). ಸೀಸೆ ತೋರಿಸಿ ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ, ಮಾಡಿಕೊಂಡರೆ ಬೇರೆ ಕಡೆ ಹೋಗಿ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನ ಸೆರ್ವಾವ್ಯಾಕ್ 2023ರಲ್ಲಿ ಬಂತು, ಖಾಸಗಿಯಲ್ಲಿ ಡೋಸಿಗೆ ಸುಮಾರು 2,000 ರೂಪಾಯಿ. ಗಾರ್ಡಸಿಲ್ 9 ಅದಕ್ಕಿಂತ ಹಲವು ಪಟ್ಟು ದುಬಾರಿ, ವೈರಸ್‌ನ ಇನ್ನಷ್ಟು ಬಗೆಗಳಿಗೆ ತಡೆ ಕೊಡುತ್ತದೆ. ಕ್ಯಾನ್ಸರ್ ಜಾಸ್ತಿ ತರುವ 16 ಮತ್ತು 18 ನಂಬರಿನ ಬಗೆಗಳಿಗೆ ಎರಡು ಲಸಿಕೆಗಳೂ ತಡೆ ಕೊಡುತ್ತವೆ, ಹಾಗಾಗಿ ದುಡ್ಡು ಸಾಲದು ಅಂತ ಮುಂದೂಡಬೇಡಿ. ಸರ್ಕಾರದಿಂದ ಉಚಿತವಾಗಿ ಸಿಗುತ್ತಾ ಅಂತ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಮೊದಲು ವಿಚಾರಿಸಿ.

ನೀವು ಡಾಕ್ಟರಿಗೆ ಹೇಳಬೇಕಾದದ್ದೂ ಇದೆ. ಹಿಂದೆ ಯಾವುದಾದರೂ ಲಸಿಕೆಗೆ ಜೋರು ಅಲರ್ಜಿ ಆಗಿತ್ತಾ, ಯೀಸ್ಟ್ (ಬ್ರೆಡ್ ಉಬ್ಬಿಸೋಕೆ ಹಾಕುವ ಹುದುಗು) ಆಗಿಬರಲ್ವಾ, ಮೊದಲು ಸೂಜಿಗೆ ತಲೆ ಸುತ್ತಿ ಬಿದ್ದದ್ದುಂಟಾ, ರಕ್ತ ಹೆಪ್ಪುಗಟ್ಟದ ತೊಂದರೆ ಏನಾದರೂ ಇದೆಯಾ. ಜೋರು ಜ್ವರ ಇದ್ದರೆ ಆ ದಿನ ಬೇಡ. ಸಣ್ಣ ನೆಗಡಿಗೆ ಮುಂದೂಡಬೇಕಿಲ್ಲ. ಮುಟ್ಟಾಗಿದ್ದರೂ ಏನೂ ತೊಂದರೆ ಇಲ್ಲ, ಅಜ್ಜಿ ಏನೇ ಹೇಳಲಿ.

ಆಮೇಲೆ ತೋಳು ನೋಯುತ್ತದೆ, ಸ್ವಲ್ಪ ಊದಿಕೊಳ್ಳಬಹುದು. ಕೆಲವರಿಗೆ ತಲೆನೋವು, ಸಣ್ಣ ಜ್ವರ. ತಣ್ಣೀರು ಬಟ್ಟೆ, ಬೇಕಾದರೆ ಡಾಕ್ಟರ್ ಹೇಳಿದಷ್ಟು ಪ್ಯಾರಸಿಟಮಾಲ್, ಎರಡು ಮೂರು ದಿನಕ್ಕೆ ಸರಿಹೋಗುತ್ತದೆ. ಬರೆಯದ ಕೈಗೆ ಹಾಕಿಸಿದರೆ ಮಾರನೇ ದಿನದ ನೋಟ್ಸ್‌ಗೆ ನೆಪ ಸಿಗಲ್ಲ. ಇದಕ್ಕಿಂತ ಜಾಸ್ತಿ ಏನಾದರೂ ಆದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಆಮೇಲೆ ಅದನ್ನು ದಾಖಲೂ ಮಾಡಿಸಿ. ಅಡ್ಡಪರಿಣಾಮ ತಿಳಿಸಲು ಸರ್ಕಾರದ ಉಚಿತ ಸಂಖ್ಯೆ ಇದೆ: 1800-180-3024.

ಡೋಸಿನ ಲೆಕ್ಕ ಹೀಗೆ. 15 ತುಂಬುವ ಮುಂಚೆ ಶುರು ಮಾಡಿದರೆ ಆರು ತಿಂಗಳ ಅಂತರದಲ್ಲಿ ಎರಡು, ಆಮೇಲೆ ಶುರು ಮಾಡಿದರೆ ಮೂರು. 9ರಿಂದ 20 ವಯಸ್ಸಿನವರಿಗೆ ಒಂದೇ ಡೋಸ್ ಕೊಟ್ಟರೂ ನಡೆಯುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಹಾಗಾಗಿ ಎಲ್ಲಾದರೂ ಒಂದೇ ಕೊಟ್ಟರೆ ಮೋಸ ಮಾಡಿದರು ಅಂದುಕೊಳ್ಳಬೇಡಿ. ಈ ಮಾತಿಗೆ ಆಧಾರ ಸಿಕ್ಕಿದ್ದರಲ್ಲಿ ನಮ್ಮ ದೇಶದ ಹುಡುಗಿಯರ ಪಾಲೂ ಇದೆ. 2010ರ ಆ ಗಲಾಟೆಯಲ್ಲಿ ಖಮ್ಮಂಗೆ ಸಂಬಂಧವೇ ಇಲ್ಲದ ಇನ್ನೊಂದು ಅಧ್ಯಯನವೂ ನಿಂತುಹೋಗಿ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ಹತ್ತು ವರ್ಷ ಅವರ ಬೆನ್ನು ಹಿಡಿದು ನೋಡಿದರೆ 16, 18ರ ವಿರುದ್ಧ ರಕ್ಷಣೆ ಹೆಚ್ಚು ಕಡಿಮೆ ಪೂರ್ತಿ ತಗೊಂಡವರಷ್ಟೇ ಇತ್ತು.

ಕಾರ್ಡಿನ ಫೋಟೊ ಫೋನಲ್ಲಿ ಇಟ್ಟುಕೊಳ್ಳಿ. ನಮ್ಮ ಎರಡನೇ ಡೋಸ್ ಬೇರೆ ಕ್ಲಿನಿಕ್‌ನಲ್ಲಿ ಆಯಿತು, ಮೊದಲ ಕಾರ್ಡ್ ಎಲ್ಲೋ ಕಳೆದುಹೋಗಿತ್ತು, ಬ್ಯಾಚ್ ನಂಬರ್ ಸಿಕ್ಕಿದ್ದು ಆ ಫೋಟೊದಲ್ಲೇ.