ಪಿಗ್ಮಿ ಲೈನಿನಲ್ಲಿ ಒಂದೇ ಮುಖ: ನನ್ನ ಅನುಭವ

ಅಂಗಡಿಗೊಂದು ಮುಖ ಇಟ್ಟುಕೊಳ್ಳದಿದ್ದರೆ ಪಿಗ್ಮಿ ಲೈನ್, ಅಂದರೆ ದಿನಾ ಅಂಗಡಿ ಅಂಗಡಿಗೆ ಹೋಗಿ ಉಳಿತಾಯದ ದುಡ್ಡು ಎತ್ತುವ ಕೆಲಸ, ಉಳಿಯುವುದಿಲ್ಲ ಅಂತಲೇ ನಮ್ಮ ಹಿರಿಯರು ಕಲಿಸಿದ್ದು. ಕಲೆಕ್ಷನ್ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಶಿವಮೊಗ್ಗದ ಗಾಂಧಿ ಬಜಾರ್ ಸುತ್ತಮುತ್ತ ಒಂದು ಸೊಸೈಟಿಗೆ ಕಲೆಕ್ಷನ್ ಮಾಡುತ್ತೇನೆ. ನಾಲ್ಕೈದು ವರ್ಷದಿಂದ ಎಲ್ಲಾ ಅಂಗಡಿಗೂ ಒಂದೇ ಮುಖ. "ಆರು ತಿಂಗಳಲ್ಲಿ ಅರ್ಧ ಅಕೌಂಟ್ ಕ್ಲೋಸ್ ಆಗ್ತವೆ ನೋಡು" ಅಂದವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೇ ಇದ್ದೆ. ಬಳೆ ಅಂಗಡಿಯಲ್ಲಿ ಶನಿವಾರ ಒಪ್ಪೊತ್ತು ಮಾಡುವ ಭಕ್ತ. ಎರಡಂಗಡಿ ಆಚೆ ಹಾರ್ಡ್‌ವೇರ್‌ನವರ ಹತ್ತಿರ ಇಸ್ಪೀಟು, ಗುಂಡಿನ ಜೋಕು. ಒಂದು ಕಡೆ ಕಾಂಗ್ರೆಸ್, ಎದುರಿಗೆ ಬಿಜೆಪಿ, ಟೀ ಅಂಗಡಿಯಲ್ಲಿ ದಳ. ಸಂಜೆ ಮನೆಗೆ ಬಂದು ಹೆಂಡತಿಗೂ "ಹೇಳಿ ಮೇಡಂ" ಅಂದುಬಿಡುತ್ತಿದ್ದೆ. ಅದೂ ಹೋಗಲಿ. ಯಾರ ಹತ್ತಿರ ಏನು ಹೇಳಿದ್ದೆ ಅಂತ ನೆನಪಿಡುವುದೇ ಒಂದು ಕೆಲಸ. ದುಡ್ಡಿನ ಲೆಕ್ಕ ಮಷಿನ್ ಇಡುತ್ತದೆ, ಇದರ ಲೆಕ್ಕ ಯಾರು ಇಡಬೇಕು?

ಆಮೇಲೆ ಈ ಬಳೆ ಅಂಗಡಿಯವರೂ ಹಾರ್ಡ್‌ವೇರ್‌ನವರೂ ಬೀಗರಾದರು! ಮದುವೆ ಊಟದಲ್ಲಿ ಇಬ್ಬರೂ ನನ್ನನ್ನು ಮಧ್ಯ ಕೂರಿಸಿಕೊಂಡು ನನ್ನ ಗುಣಗಾನ ಶುರು ಮಾಡಿದರು. ಒಬ್ಬರು ಹೇಳಿದ ಮನುಷ್ಯ ಇನ್ನೊಬ್ಬರಿಗೆ ಗೊತ್ತೇ ಇಲ್ಲ. ನಕ್ಕರು, ಜಗಳವೇನೂ ಆಗಲಿಲ್ಲ. ಆದರೆ ದಿನಕ್ಕೆ 500 ಕಟ್ಟುತ್ತಿದ್ದ ಹಾರ್ಡ್‌ವೇರ್‌ನವರು ಮುಂದಿನ ವಾರ 100ಕ್ಕೆ ಇಳಿದರು. ತಿಂಗಳಿಗೆ ಹತ್ತು ಸಾವಿರ ಕಲೆಕ್ಷನ್ ಹೋಯಿತು. ನಮ್ಮದು 3 ಪರ್ಸೆಂಟ್ ಕಮಿಷನ್, ಅಂದರೆ ನನಗೆ ಮುನ್ನೂರು ಖೋತಾ. ಅಂಥ ಹತ್ತು ಅಂಗಡಿಯಾದರೆ ಸ್ಕೂಟರ್ ಪೆಟ್ರೋಲೂ ಮೈಮೇಲೆ.

ಸರಿ, ಇರುವ ಹಾಗೇ ಇದ್ದುಬಿಡೋಣ ಅಂದುಕೊಂಡೆ. ನಾನು ಹುಟ್ಟಾ ಮಾತು ಕಡಿಮೆಯವನು. ಒಂದು ವಾರ ಸುಮ್ನೆ ಹೋಗಿ, ದುಡ್ಡು ಎಣಿಸಿ, ಚೀಟಿ ಕೊಟ್ಟು ಬಂದೆ. ಆಗಿದ್ದೇ ಬೇರೆ. ಐದಾರು ಜನ ಸೀದಾ ಆಫೀಸಿಗೆ ಹೋಗಿ ಬ್ಯಾಲೆನ್ಸ್ ಚೆಕ್ ಮಾಡಿಸಿದರು. ಏಜೆಂಟ್ ಮಂಕಾದರೆ ಸೊಸೈಟಿಯಲ್ಲಿ ಏನೋ ಆಗಿದೆ, ಇಲ್ಲ ಅವನೇ ದುಡ್ಡು ತಿಂದಿದ್ದಾನೆ. ಜನ ಹಾಗೇ ಲೆಕ್ಕ ಹಾಕುತ್ತಾರೆ, ಹಾಕಬೇಕು ಕೂಡ. ಮ್ಯಾನೇಜರ್ ಕರೆದು ಕೇಳಿದರು. ಒಬ್ಬ ಹಿರಿಯ ಏಜೆಂಟರಂತೂ ದೊಡ್ಡ ಭಾಷಣವನ್ನೇ ಕೊಟ್ಟರು: 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ಎರಡಾಣೆ ಪಿಗ್ಮಿ ಶುರು ಮಾಡಿದಾಗಿಂದ ಇದು ನಡೆಯುವುದೇ ಏಜೆಂಟನ ಬಾಯಿ ಮೇಲೆ, ನಿನ್ನ ಮೌನವ್ರತ ಮನೆಯಲ್ಲಿ ಇಟ್ಟುಕೋ ಅಂತ.

ಅವರ ಮಾತು ಅರ್ಧ ಸರಿ. ಬಾಯಿ ಬೇಕು. ಆದರೆ ಯಾರ ಬಾಯಿ?

ನನಗೆ ದಾರಿ ಸಿಕ್ಕಿದ್ದು ಜ್ವರ ಬಂದಾಗ. ಪಾಸ್‌ಬುಕ್, ಮಷಿನ್ ಹಿಡಿದು ಹೆಂಡತಿ ಒಂದೆರಡು ದಿನ ಲೈನಿಗೆ ಹೋದಳು. ರೂಲ್ಸ್ ಪ್ರಕಾರ ತಪ್ಪು, ಗೊತ್ತು. ಅವಳಿಗೆ ಭಕ್ತಿ, ಪಾರ್ಟಿ, ಜೋಕು ಯಾವುದೂ ಗೊತ್ತಿಲ್ಲ. ಎಲ್ಲಾ ಕಡೆ ಬೆಲೆ ವಿಚಾರಿಸಿದಳಂತೆ. ಈ ಬೆಲ್ಲ ಮಂಡ್ಯದ್ದಾ, ಈ ಬಕೆಟ್ ಎಷ್ಟು ದಿನ ಬರುತ್ತೆ ಅಂತ. ಕಲೆಕ್ಷನ್ ನನ್ನದಕ್ಕಿಂತ ಜಾಸ್ತಿಯೇ ಆಗಿತ್ತು.

ನನಗೂ ಅಂಥ ಒಂದು ಹುಚ್ಚಿದೆ. ಸಾಮಾನು ಎಲ್ಲಿಂದ ಬರುತ್ತೆ, ಯಾರು ತರುತ್ತಾರೆ, ಲಾರಿ ಬಾಡಿಗೆ ಎಷ್ಟು ಅಂತ ತಿಳಿದುಕೊಳ್ಳುವ ಹುಚ್ಚು. ಭಕ್ತನ ವೇಷ, ಗುಂಡಿನ ವೇಷ ಎಲ್ಲಾ ಬಿಟ್ಟು ಈ ಒಂದನ್ನೇ ಸ್ವಲ್ಪ ದೊಡ್ಡದು ಮಾಡಿದೆ. ಪೂರ್ತಿ ನಾನೂ ಅಲ್ಲ, ಸುಳ್ಳೂ ಅಲ್ಲ. ಮನೆಯಲ್ಲಿ ದಿನಕ್ಕೆ ಎರಡು ಸಲ ಕೇಳುವುದನ್ನು ಬಜಾರಿನಲ್ಲಿ ಇನ್ನೂರು ಸಲ ಕೇಳುತ್ತೇನೆ, ಅಷ್ಟೇ. ಮುಖ್ಯ ವಿಷಯ, ಕೇಳಿದ್ದನ್ನು ಪಕ್ಕದಂಗಡಿಗೆ ಸಾಗಿಸುವ ಹಾಗಿಲ್ಲ.

ಒಂದೇ ದಿನ ಬದಲಾಯಿಸಲು ಹೋಗಬೇಡಿ. ಆ ಮೌನದ ವಾರ ನೆನಪಿರಲಿ. ನಾನು ಸಣ್ಣ ಅಕೌಂಟಿನಿಂದ ಶುರು ಮಾಡಿದೆ. 20, 30 ಕಟ್ಟುವ ಹೂವಿನವರು, ಚಪ್ಪಲಿ ಹೊಲಿಯುವವರು. ಕೆಟ್ಟರೂ ನಷ್ಟ ಕಡಿಮೆ. ವಾರಕ್ಕೆ ಐದಾರು ಅಂಗಡಿ. ರಾಜಕೀಯ ಎತ್ತಿದರೆ "ಅಣ್ಣ, ನಾನು ಎಲ್ಲರ ದುಡ್ಡೂ ಹೊರೋನು" ಅಂತ ಒಂದೇ ಮಾತು. ಮೊದಮೊದಲು ಒಂದಿಬ್ಬರು ಮುನಿಸಿಕೊಂಡರು. ಹತ್ತು ಹನ್ನೆರಡು ಅಕೌಂಟ್ ಹೋದವು, ನಿಜ. ದೊಡ್ಡ ಅಂಗಡಿಗಳಿಗೆ ಹೋಗುವಷ್ಟರಲ್ಲಿ ವರ್ಷ ಆಗಿತ್ತು. ಅಲ್ಲಿ ಮೊದಲ ದಿನ ನಾನೊಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಬಜಾರಿನಲ್ಲೇ ಕಲೆಕ್ಷನ್‌ಗೆ ಹೊಸ ಹುಡುಗರು ತುಂಬಾ ಜನ ಬಂದಿದ್ದಾರೆ.

ಮಧ್ಯ ಶರ್ಟಿನ ಪ್ರಯೋಗವೂ ನಡೆಯಿತು. ಬಿಳಿ ಶರ್ಟ್ ಹಾಕಿದರೆ ಎಲ್‌ಐಸಿಯವನೋ ಕಾರ್ಪೊರೇಟರ್ ಕಡೆಯವನೋ ಅಂತ ಜನ ಬೆನ್ನು ನೆಟ್ಟಗೆ ಮಾಡುತ್ತಾರೆ. ಟೀ ಶರ್ಟಿಗೆ ದುಡ್ಡು ಕೊಡಲು ಹಿಂಜರಿಕೆ. ತಿಳಿ ನೀಲಿ ಅರ್ಧ ತೋಳು ಪರವಾಗಿಲ್ಲ. ಇದರಿಂದ ಕಲೆಕ್ಷನ್ ಏರಿತಾ ಅಂದರೆ, ಅಡಿಕೆ ಕೊಯ್ಲಿನ ಟೈಮದು. ಆಗ ಊರಿನಲ್ಲಿ ದುಡ್ಡು ಓಡಾಡುತ್ತೆ, ಯಾವ ಶರ್ಟ್ ಹಾಕಿದರೂ ಏರುತ್ತಿತ್ತು.

ಒಂದು ವೇಷ ಮಾತ್ರ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಸಂಜೆ ಆರಕ್ಕೆ ಹೋದಾಗ "ಇನ್ನೂ ಬೋಣಿ ಆಗಿಲ್ಲ ಮಾರಾಯ" ಅನ್ನುತ್ತಾರಲ್ಲ, ಅದನ್ನು ನಂಬಿದವನ ವೇಷ. ಎದುರಿಗೇ ಗಿರಾಕಿ ಸಾಮಾನು ಹಿಡಿದು ಇಳಿದು ಹೋಗಿರುತ್ತಾರೆ. ಗೂಗಲ್ ಪೇ ಡಬ್ಬಿ ದುಡ್ಡು ಬಂತು ಅಂತ ಆಗಷ್ಟೇ ಕೂಗಿರುತ್ತದೆ. ನಾನೂ ಕೇಳಿಲ್ಲ, ಅವರೂ ಕೇಳಿಲ್ಲ. "ನಾಳೆ ನೋಡೋಣ ಬಿಡಿ" ಅಂತ ಹೊರಡುತ್ತೇನೆ. ಬಾಡಿಗೆ ಕಟ್ಟಬೇಕೋ, ಮಗಳ ಫೀಸೋ, ಅವರಿಗೇ ಗೊತ್ತು. ಅವರ ಮುಖವನ್ನು ಅವರಿಗೇ ಬಿಟ್ಟರೆ ಅಕೌಂಟ್ ಉಳಿಯುತ್ತದೆ. ಹಿಡಿದು ತೋರಿಸಿದರೆ ಮಾರನೇ ದಿನ ಅಂಗಡಿಯ ಹುಡುಗ ಬಂದು "ಯಜಮಾನ್ರು ಇಲ್ಲ" ಅನ್ನುತ್ತಾನೆ. ಆಮೇಲೆ ಯಜಮಾನರು ಸಿಗುವುದೇ ಇಲ್ಲ.

ಲೆಕ್ಕ ಹೇಳಿಬಿಡುತ್ತೇನೆ. ಆಗ ತಿಂಗಳಿಗೆ ನಾಲ್ಕು, ನಾಲ್ಕೂವರೆ ಲಕ್ಷ ಎತ್ತುತ್ತಿದ್ದೆ. ಈಗ ಏಳರ ಆಸುಪಾಸು. ಕಮಿಷನ್ ಇಪ್ಪತ್ತು ಸಾವಿರ ದಾಟುತ್ತದೆ. ಗಲ್ಲಾದಲ್ಲಿ ನೋಟೇ ಇಲ್ಲದ ಈ ಕಾಲದಲ್ಲಿ ಇದು ಸಣ್ಣದಲ್ಲ. ಹಾರ್ಡ್‌ವೇರ್‌ನವರು 300ರವರೆಗೆ ಬಂದಿದ್ದಾರೆ, ಐನೂರಕ್ಕೆ ಇನ್ನೂ ಬಂದಿಲ್ಲ. ಮುಂದಿನ ತಿಂಗಳಿಂದ ದುರ್ಗಿಗುಡಿ ಕಡೆಯ ಲೈನೂ ನನಗೇ ಕೊಡುತ್ತಾರಂತೆ. ಅಲ್ಲಿ ಹಳೇ ಏಜೆಂಟರು ಬಟ್ಟೆ ಅಂಗಡಿಯವರಿಗೆಲ್ಲ ದಿನಾ ಜಾತಕ ಹೇಳುತ್ತಿದ್ದರಂತೆ. ನನಗೆ ರಾಶಿ ಹನ್ನೆರಡು ಅನ್ನುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲ. ಸೀರೆ ಸೂರತ್ತಿನಿಂದ ಬರುತ್ತಾ ಬೆಂಗಳೂರಿನಿಂದಾ ಅಂತ ಕೇಳಿ ಶುರು ಮಾಡುತ್ತೇನೆ.